ಟ್ರ್ಯಾಕ್‌ಗೆ ಹೋಗೋ ಕಾರಿಗೆ ದಪ್ಪ ಆಯಿಲ್ ಹಾಕಬೇಕಾ?

ನಿಮ್ಮದು 2 ಲೀಟರ್ ಟರ್ಬೊ ಪೆಟ್ರೋಲ್ ಕಾರು, ವರ್ಷಕ್ಕೆ ಮೂರ್ನಾಲ್ಕು ಸಲ ಟ್ರ್ಯಾಕ್‌ಗೆ ಹೋಗುತ್ತೆ, ಕಂಪನಿ ಹೇಳಿದ 5ಡಬ್ಲ್ಯೂ-30 ಆಯಿಲ್ ಬಿಟ್ಟು 10ಡಬ್ಲ್ಯೂ-60 (ಕೊನೆಯ ಅಂಕಿ ದೊಡ್ಡದಾದಷ್ಟೂ ಬಿಸಿಯಲ್ಲಿ ಆಯಿಲ್ ದಪ್ಪ) ಹಾಕಿದರೆ ಇಂಜಿನ್ ಜಾಸ್ತಿ ದಿನ ಬಾಳುತ್ತಾ ಅಂತ ಕೇಳಿದ್ದೀರಿ. ಬೇಡ. ಅದಕ್ಕಿಂತ ಮೊದಲು ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ತೋರಿಸೋ ಕಡ್ಡಿ, ಎಳೆದು ನೋಡಿ.

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ನಲ್ಲಿ ನನಗೆ ಆಗಿದ್ದು ಹೇಳ್ತೀನಿ. ದುಬಾರಿ ಫುಲ್ ಸಿಂಥೆಟಿಕ್ ಆಯಿಲ್ ಹಾಕಿಸಿದ್ದೆ ಅನ್ನೋ ಧೈರ್ಯದಲ್ಲಿ ಬೆಂಗಳೂರಿಂದ ಓಡಿಸಿಕೊಂಡೇ ಹೋಗಿದ್ದೆ. ಉದ್ದನೆಯ ತಿರುವೊಂದರಲ್ಲಿ ಆಯಿಲ್‌ನ ಕೆಂಪು ದೀಪ ಒಮ್ಮೆ ಮಿನುಗಿತು. ಕಾರು ನೇರವಾದ ತಕ್ಷಣ ಆರಿತು. ಮೆಲ್ಲಗೆ ಪಿಟ್‌ಗೆ ತಂದೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಐದು ನಿಮಿಷ ಕಾದು, ಹಳೇ ಬನಿಯನ್ ಬಟ್ಟೆಯಲ್ಲಿ ಕಡ್ಡಿ ಒರೆಸಿ ಮತ್ತೆ ಅದ್ದಿದೆ. ಆಯಿಲ್ ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ. ತುದಿಯಲ್ಲಷ್ಟೇ ಕಪ್ಪಗೆ ಅಂಟಿತ್ತು. ಹತ್ತಿರಹತ್ತಿರ ಒಂದು ಲೀಟರ್ ಸುರಿಯಬೇಕಾಯಿತು. ತಪ್ಪು ನನ್ನದೇ. ಎರಡು ತಿಂಗಳಿಂದ ಬಾನೆಟ್ ಎತ್ತಿರಲಿಲ್ಲ.

ಇಂಜಿನ್ ತಳದಲ್ಲಿ ಆಯಿಲ್ ನಿಲ್ಲೋ ಪಾತ್ರೆಗೂ ಸಂಪ್ ಅಂತಲೇ ಹೆಸರು. ಮನೆ ಸಂಪ್‌ನಲ್ಲಿ ನೀರು ತಳ ಮುಟ್ಟಿದಾಗ ಮೋಟರ್ ಗಾಳಿ ಎಳೆಯುತ್ತಲ್ಲ, ಇಲ್ಲಿ ಆಗೋದೂ ಅದೇ. ಜೋರಾದ ತಿರುವಿನಲ್ಲಿ ಆಯಿಲ್ ಒಂದು ಗೋಡೆಗೆ ಸರಿಯುತ್ತೆ, ಪಂಪ್ ಗಾಳಿ ಹೀರುತ್ತೆ, ಬೇರಿಂಗ್‌ಗಳು ಒಣಗುತ್ತವೆ. ಆಗ ಆಯಿಲ್ 30 ಆದರೇನು, 60 ಆದರೇನು? ಹಾಗಂತ ಮೇಲಿನ ಗೆರೆ ದಾಟಿಸಿ ತುಂಬಬೇಡಿ. ಇಂಜಿನ್ ಒಳಗೆ ತಿರುಗೋ ಕ್ರ್ಯಾಂಕ್ ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಎಬ್ಬಿಸುತ್ತೆ.

ಗ್ರೇಡ್ ಲೆಕ್ಕಕ್ಕೇ ಇಲ್ಲ ಅಂತಲ್ಲ. 150 ಡಿಗ್ರಿಯಲ್ಲಿ ಅಳೆಯೋ ದಪ್ಪ (ಸ್ನಿಗ್ಧತೆ) 5ಡಬ್ಲ್ಯೂ-30ಕ್ಕೆ ಕನಿಷ್ಠ 2.9 ಮಿಲಿಪ್ಯಾಸ್ಕಲ್-ಸೆಕೆಂಡ್ ಇರಬೇಕು, 5ಡಬ್ಲ್ಯೂ-40ಕ್ಕೆ 3.5. ನಿಮ್ಮ ಮ್ಯಾನ್ಯುಯಲ್ 40ನ್ನೂ ಒಪ್ಪಿದ್ದರೆ ಟ್ರ್ಯಾಕ್‌ಗೆ ಅದನ್ನೇ ಹಾಕಿ. 60 ಹಾಕಿದರೆ ಅಷ್ಟು ದಪ್ಪಕ್ಕೆಂದು ಮಾಡದ ಸಂದುಗಳಲ್ಲಿ ಅದು ಸಲೀಸಾಗಿ ಹರಿಯಲ್ಲ. ಬಿಎಂಡಬ್ಲ್ಯೂದ ಹಳೇ ಇ46 ಎಂ3ಗೆ 10ಡಬ್ಲ್ಯೂ-60 ಹಾಕ್ತಾರೆ ನಿಜ, ಆದರೆ 8000 ಆರ್‌ಪಿಎಂ ಮುಟ್ಟೋ ಆ ಇಂಜಿನ್ನಿಗೆ ಅದನ್ನು ಹೇಳಿದ್ದು ಕಂಪನಿಯೇ. ಆ ಕಾರಿನಲ್ಲಿ ನನಗೆ ಇಷ್ಟವಾಗೋದು ಆರ್‌ಪಿಎಂ ತೋರಿಸೋ ಟ್ಯಾಕೋಮೀಟರ್. ಆಯಿಲ್ ತಣ್ಣಗಿದ್ದಾಗ ಅದರ ಸುತ್ತ ಕಿತ್ತಳೆ ದೀಪಗಳು ಉರಿಯುತ್ತವೆ, ಬಿಸಿಯಾದ ಹಾಗೆ ಒಂದೊಂದೇ ಆರುತ್ತವೆ. ನಮ್ಮ ಕಾರುಗಳಲ್ಲಿ ಆ ಸೌಕರ್ಯ ಇಲ್ಲ. ಕೂಲೆಂಟ್ ಮುಳ್ಳು ನಡುವೆ ಬಂದರೂ ಆಯಿಲ್ ಇನ್ನೂ ಬಿಸಿಯಾಗಿರಲ್ಲ, ಇನ್ನೊಂದೆರಡು ಲ್ಯಾಪ್ ಸುಮ್ನೆ ಮೆತ್ತಗೆ ಓಡಿಸಿ. ಮುಗಿಸೋವಾಗಲೂ ಹಾಗೇ. ಟರ್ಬೊ ಕೆಂಡದಂತಿರುವಾಗ ಇಂಜಿನ್ ಆಫ್ ಮಾಡಿದರೆ ಅದರೊಳಗೆ ನಿಂತ ಆಯಿಲ್ ಸೀದು ಕರಕಲಾಗುತ್ತೆ.

ಹೋಗೋವಾಗ ಅದೇ ಆಯಿಲ್ ಒಂದು ಲೀಟರ್ ಡಿಕ್ಕಿಯಲ್ಲಿರಲಿ. ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿ, ಮುಚ್ಚಳ ಬಿಗಿಯಾಗಿ ತಿರುಗಿಸಿ. ನಾನು ತಿರುಗಿಸಿರಲಿಲ್ಲ, ಡಿಕ್ಕಿ ಕಾರ್ಪೆಟ್ ಇವತ್ತಿಗೂ ಜಿಡ್ಡು ಜಿಡ್ಡು.