ಮೊದಲು ಸ್ಪೀಕರ್, ಅದಕ್ಕೂ ಮೊದಲು ಅದರ ಜಾಗ

ಪ್ರಶ್ನೆ: ನನ್ನ ಸ್ಟೀರಿಯೊ ಹಳೆಯದು. 40 ವ್ಯಾಟ್‌ನ ಆಂಪ್ (ಆಂಪ್ಲಿಫೈಯರ್), ಒಂದು ಸಿಡಿ ಪ್ಲೇಯರ್, ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್. ಸ್ಪೀಕರ್‌ಗಳು ಪುಸ್ತಕದ ಕಪಾಟಿನೊಳಗೆ ಕೂತಿವೆ. ಬೇಸ್ (ತಗ್ಗು ಸ್ವರಗಳು) ಗುಂಯ್‌ಗುಡುತ್ತದೆ, ಹಾಡುವವರ ದನಿ ಮಂಕಾಗಿ ಕೇಳುತ್ತದೆ. ಈಗ ಒಂದನ್ನು ಮಾತ್ರ ಬದಲಿಸುವಷ್ಟು ದುಡ್ಡಿದೆ. ಅಂಗಡಿಯವರು 100 ವ್ಯಾಟ್‌ನ ಆಂಪ್ ತಗೊಳ್ಳಿ ಅನ್ನುತ್ತಾರೆ, ಗೆಳೆಯ ಡ್ಯಾಕ್ (ಸಿಡಿಯಂಥ ಡಿಜಿಟಲ್ ಅಂಕೆಗಳನ್ನು ಸದ್ದಿನ ವಿದ್ಯುತ್ ಸಂಕೇತ ಮಾಡುವ ಪೆಟ್ಟಿಗೆ) ತಗೋ ಅನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದ್ದೂ ಬೇಡ. ದುಡ್ಡನ್ನು ಸ್ಪೀಕರ್‌ಗೆ ಎತ್ತಿಡಿ. ಆದರೆ ಇವತ್ತೇ ಅಂಗಡಿಗೆ ಓಡಬೇಡಿ.

ಸಿಡಿ ಪ್ಲೇಯರ್, ಡ್ಯಾಕ್, ಆಂಪ್ ಇವೆಲ್ಲ ಕೊನೆಗೆ ವಿದ್ಯುತ್ತಿನ ಜೊತೆ ಮಾತ್ರ ವ್ಯವಹಾರ ಮಾಡುತ್ತವೆ. ಈ ಕೆಲಸ ಈಗ ಚೆನ್ನಾಗಿ ಪಳಗಿದೆ. ತನ್ನ ಶಕ್ತಿಯ ಮಿತಿಯೊಳಗೆ ನಡೆಯುವ ಒಂದು ಸಾಧಾರಣ ಆಂಪ್‌ನಲ್ಲೂ ವಿರೂಪ (ಮೂಲ ಸದ್ದಿಗೆ ಸೇರಿಕೊಳ್ಳುವ ಕಲಬೆರಕೆ) ಶೇ 0.1ಕ್ಕಿಂತ ಕಡಿಮೆ ಇರುವುದು ಮಾಮೂಲು. ಸ್ಪೀಕರ್ ಪಾಡು ಹಾಗಲ್ಲ. ಅದು ತನ್ನ ಕೋನ್ (ಮುಂಭಾಗದ ಶಂಕುವಿನಾಕಾರದ ಹಾಳೆ) ಅಲುಗಾಡಿಸಿ ಗಾಳಿಯನ್ನು ತಳ್ಳಬೇಕು. ಜೋರಾಗಿ ನುಡಿಸಿದಾಗ ಬೇಸ್‌ನಲ್ಲಿ ವಿರೂಪ ಶೇಕಡಾ ಹಲವು ಅಂಕಗಳಿಗೆ ಏರುತ್ತದೆ. ತಗ್ಗು ಸ್ವರದಿಂದ ಮೇಲು ಸ್ವರದವರೆಗೆ ಸದ್ದಿನ ಮಟ್ಟದ ಏರಿಳಿತ ±3 ಡೆಸಿಬೆಲ್ (ಸದ್ದಿನ ಅಳತೆ) ಒಳಗಿದ್ದರೆ ಸ್ಪೀಕರ್ ತಯಾರಕರು ಹೆಮ್ಮೆಯಿಂದ ಬರೆದುಕೊಳ್ಳುತ್ತಾರೆ. ಅಷ್ಟೇ ಏರಿಳಿತ ಆಂಪ್‌ನಲ್ಲಿ ಇದ್ದಿದ್ದರೆ ಯಾರೂ ಕೊಳ್ಳುತ್ತಿರಲಿಲ್ಲ! ತಪ್ಪು ಎಲ್ಲಿ ಜಾಸ್ತಿಯೋ ಅಲ್ಲೇ ದುಡ್ಡು ಹಾಕಬೇಕು, ಅಲ್ವಾ?

ಇನ್ನು 100 ವ್ಯಾಟ್‌ನ ಮಾತು. 40ರಿಂದ 100ಕ್ಕೆ ಹೋದರೆ ಸಿಗುವುದು ಸುಮಾರು 4 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಲು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. ನಿಮಗೆ ಲೆಕ್ಕ ಹಾಕಿದರೆ 400! ಅದೇ 84 ಡೆಸಿಬೆಲ್ ಸೆನ್ಸಿಟಿವಿಟಿಯ (ಅಷ್ಟೇ ವಿದ್ಯುತ್ತಿಗೆ ಎಷ್ಟು ಸದ್ದು ಕೊಡುತ್ತದೆ ಅನ್ನುವ ಅಳತೆ) ಸ್ಪೀಕರ್ ಬಿಟ್ಟು 88ರದ್ದು ತಂದರೆ ಆ 4 ಡೆಸಿಬೆಲ್ ತಾನಾಗೇ ಬರುತ್ತದೆ. ಅಷ್ಟಕ್ಕೂ ನಿಮ್ಮ ದೂರು ಸದ್ದು ಸಾಲದು ಅಂತ ಅಲ್ಲವಲ್ಲ.

ಡ್ಯಾಕ್ ಕೂಡ ಸದ್ಯಕ್ಕೆ ಬೇಡ. ಸಿಡಿಯ 16 ಬಿಟ್‌ನಲ್ಲೇ ಸುಮಾರು 96 ಡೆಸಿಬೆಲ್‌ನಷ್ಟು ಹರವು (ಅತಿ ಮೆಲ್ಲಗಿನಿಂದ ಅತಿ ಜೋರಿನವರೆಗಿನ ಅಂತರ) ಇದೆ. ಯಾವ ಮನೆಯ ಕೋಣೆಗೂ ಅದು ಧಾರಾಳ. ಹಾಡು ನಿಂತಾಗಲೂ ಸುಯ್ ಅನ್ನುವ ಸದ್ದು ಕೇಳುತ್ತಿದ್ದರೆ ಮಾತ್ರ ಆ ಕಡೆ ನೋಡಿ.

ಈಗ ಕಪಾಟು. ನಿಮ್ಮ ಗುಂಯ್‌ಗುಡುವಿಕೆಯ ಮುಖ್ಯ ಆರೋಪಿ ಇದೇ ಅಂತ ನನ್ನ ಅನುಮಾನ. ಬುಕ್‌ಶೆಲ್ಫ್ ಸ್ಪೀಕರ್ ಅಂತ ಹೆಸರಿಟ್ಟವರು ಯಾರೋ, ಅದಕ್ಕೆ ಅತ್ಯಂತ ಕೆಟ್ಟ ಜಾಗ ಬುಕ್‌ಶೆಲ್ಫೇ. ಹಲವು ಸ್ಪೀಕರ್‌ಗಳ ಗಾಳಿಕಿಂಡಿ ಹಿಂಭಾಗದಲ್ಲಿರುತ್ತದೆ. ಅದನ್ನು ಮರದ ಗೂಡಿನೊಳಗೆ ತುರುಕಿದರೆ ಗೂಡೂ ಜೊತೆಗೆ ಹಾಡಲು ಶುರು ಮಾಡುತ್ತದೆ. ಗೋಡೆ, ಮೂಲೆ ಹತ್ತಿರವಾದಷ್ಟೂ ಬೇಸ್ ಉಬ್ಬುತ್ತದೆ, ಅದರಡಿಯಲ್ಲಿ ದನಿ ಮುಳುಗುತ್ತದೆ.

ಸ್ಪೀಕರ್ ಹೊರಗೆ ತೆಗೆಯಿರಿ. ಸ್ಟ್ಯಾಂಡ್ ಇಲ್ಲದಿದ್ದರೆ ಗಟ್ಟಿಯಾದ ಸ್ಟೂಲ್ ಸಾಕು. ಟ್ವೀಟರ್ (ಮೇಲು ಸ್ವರ ನುಡಿಸುವ ಚಿಕ್ಕ ಸ್ಪೀಕರ್ ಭಾಗ) ಕಿವಿಯ ಎತ್ತರಕ್ಕೆ ಬರಲಿ. ಹಿಂದಿನ ಗೋಡೆಯಿಂದ ಅರ್ಧ ಮೀಟರ್ ಬಿಟ್ಟು ಶುರು ಮಾಡಿ. ಎರಡು ಸ್ಪೀಕರ್ ಮತ್ತು ನೀವು, ಮೂವರ ನಡುವೆ ಸರಿಸುಮಾರು ಒಂದೇ ಅಂತರ ಇರಲಿ. ಆಮೇಲೆ ಸ್ವಲ್ಪ ಸ್ವಲ್ಪ ಸರಿಸುತ್ತಾ ಕೇಳಿ. ಕೋಣೆ 4 ಮೀಟರ್ ಉದ್ದ ಇದ್ದರೆ ಸುಮಾರು 43 ಹರ್ಟ್ಸ್‌ನ ತಗ್ಗು ಸ್ವರದಲ್ಲಿ ಸದ್ದಿನ ಅಲೆ ಗೋಡೆಗಳ ನಡುವೆ ನಿಂತುಬಿಡುತ್ತದೆ. ಆಗ ಗೋಡೆಗೆ ಒರಗಿ ಕೂತವರಿಗೆ ಬೇಸ್ ವಿಪರೀತ, ನಟ್ಟನಡುವೆ ಕೂತವರಿಗೆ ಅದೇ ಸ್ವರ ಮಾಯ. ಇದನ್ನು ಯಾವ ಆಂಪ್ ಕೂಡ ಸರಿಮಾಡದು. ಕುರ್ಚಿ ಒಂದಿಷ್ಟು ಮುಂದೆ ಎಳೆದರೆ ಆಗುವ ಕೆಲಸ ಇದು.

ದನಿ ಇನ್ನೂ ಮಂಕಾಗಿದ್ದರೆ ಟ್ವೀಟರ್‌ಗೆ ಕಿವಿ ಕೊಟ್ಟು ನೋಡಿ, ಒಂದು ಸತ್ತಿರಲೂಬಹುದು. ವೂಫರ್ (ಬೇಸ್ ನುಡಿಸುವ ದೊಡ್ಡ ಭಾಗ) ಅಂಚಿನ ಫೋಮ್ ಪುಡಿಯಾಗಿದೆಯೇ ಅಂತಲೂ ನೋಡಿ, ಹಳೆಯವುಗಳಲ್ಲಿ ಇದು ಸಾಮಾನ್ಯ. ಫೋಮ್ ಹೊಸದು ಹಾಕಿಸಬಹುದು. ಒಂದೇ ಬದಿಯಲ್ಲಿ ತೊಂದರೆ ಇದ್ದರೆ ಆಂಪ್ ಆಫ್ ಮಾಡಿ, ಅದರ ಹಿಂದೆ ಎಡ-ಬಲ ಸ್ಪೀಕರ್ ವೈರ್ ಅದಲುಬದಲು ಮಾಡಿ. ತೊಂದರೆ ಅದೇ ಪೆಟ್ಟಿಗೆಯಲ್ಲಿ ಉಳಿದರೆ ದೋಷ ಸ್ಪೀಕರ್‌ದೋ ಅದರ ವೈರ್‌ದೋ. ಇನ್ನೊಂದಕ್ಕೆ ದಾಟಿದರೆ ಆಂಪ್ ಅಥವಾ ಅದಕ್ಕೂ ಹಿಂದಿನದು.

ಇಷ್ಟೆಲ್ಲ ಆದ ಮೇಲೂ ಸಮಾಧಾನ ಆಗದಿದ್ದರೆ ಸ್ಪೀಕರ್ ಕೊಳ್ಳಿ. ಸಾಧ್ಯವಾದರೆ ಮನೆಗೆ ತಂದು, ನಿಮ್ಮ ಕೋಣೆಯಲ್ಲೇ ಕೇಳಿ. ಹೋಲಿಸುವಾಗ ಎರಡರ ಸದ್ದೂ ಒಂದೇ ಮಟ್ಟದಲ್ಲಿರಲಿ. ಕೊಂಚ ಜೋರಾಗಿರುವುದು ಸಾಮಾನ್ಯವಾಗಿ ಚೆನ್ನಾಗಿದೆ ಅನ್ನಿಸುತ್ತದೆ. 4 ಓಮ್‌ನ ಸ್ಪೀಕರ್ ಆದರೆ (ಓಮ್ ಕಡಿಮೆಯಾದಷ್ಟೂ ಆಂಪ್‌ಗೆ ಹೊರೆ ಜಾಸ್ತಿ) ನಿಮ್ಮ ಆಂಪ್ ಅದನ್ನು ನಿಭಾಯಿಸುತ್ತದೆಯೇ ಅಂತ ಆಂಪ್‌ನ ಹಿಂಭಾಗದಲ್ಲಿ ಬರೆದಿರುವುದನ್ನು ಓದಿ. ಕೇಬಲ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ಕೆಲವೇ ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರ್‌ನ ತಾಮ್ರದ ವೈರ್ ಸಾಕೋ ಸಾಕು.

ಪ್ರಶ್ನೆ: ನಾನು ಕೇಳುವುದು ಬರೀ ಎಲ್‌ಪಿ ರೆಕಾರ್ಡ್. ನನಗೂ ಇದೇ ಉತ್ತರವೇ?

ಉತ್ತರ: ಅಲ್ಲ. ಟರ್ನ್‌ಟೇಬಲ್‌ನಲ್ಲಿ (ರೆಕಾರ್ಡ್ ತಿರುಗಿಸುವ ಯಂತ್ರ) ಸೂಜಿಯೂ ಅಲುಗಾಡುವ ಯಂತ್ರವೇ, ಸ್ಪೀಕರ್ ಹಾಗೆ. 1970ರ ದಶಕದಲ್ಲಿ ಸ್ಕಾಟ್ಲೆಂಡ್‌ನ ಲಿನ್ ಕಂಪನಿ ‘ಮೊದಲು ಟರ್ನ್‌ಟೇಬಲ್’ ಅಂತ ವಾದಿಸಿತ್ತು. ಆ ಮಾತು ಎಲ್‌ಪಿ ಮಟ್ಟಿಗೆ ಪೂರ್ತಿ ಸುಳ್ಳಲ್ಲ. ಆದರೆ ಇಡೀ ಯಂತ್ರ ಬದಲಿಸಬೇಕಾಗಿಲ್ಲ. ಸೂಜಿ ಸುಮಾರು 500ರಿಂದ 1,000 ಗಂಟೆಯೊಳಗೆ ಸವೆಯುತ್ತದೆ. ಸವೆದ ಸೂಜಿ ರೆಕಾರ್ಡನ್ನೂ ಹಾಳು ಮಾಡುತ್ತದೆ. ಯಾವಾಗ ಹಾಕಿಸಿದ್ದು ಅಂತ ನೆನಪೇ ಇಲ್ಲದಿದ್ದರೆ ಮೊದಲು ಅದನ್ನು ಬದಲಿಸಿ, ಸೂಜಿ ರೆಕಾರ್ಡಿನ ಮೇಲೆ ಹೇರುವ ಭಾರವನ್ನು ತಯಾರಕರು ಹೇಳಿದ ಗ್ರಾಂಗೆ ಹೊಂದಿಸಿ. ಸ್ಪೀಕರ್ ವಿಚಾರ ಆಮೇಲೆ.