ಆಟದಂಗಳ: 31 ಗೋಲು ತಿಂದವರ ವಕಾಲತ್ತು

ಪ್ರಶ್ನೆ: ಫುಟ್ಸಾಲ್ (ತಂಡಕ್ಕೆ ಐವರಂತೆ ಒಳಾಂಗಣದಲ್ಲಿ ಆಡುವ ಪುಟ್ಟ ಫುಟ್‌ಬಾಲ್) ವಿಶ್ವಕಪ್‌ನಲ್ಲಿ ಪೆಸಿಫಿಕ್ ಸಾಗರದ ಸೊಲೊಮನ್ ದ್ವೀಪಗಳ ತಂಡ ಒಂದೇ ಪಂದ್ಯದಲ್ಲಿ 31 ಗೋಲು ತಿಂದಿತ್ತಂತೆ. ಇಂಥವರನ್ನು ಮತ್ತೆ ಮತ್ತೆ ಯಾಕೆ ಕರೆಯುತ್ತಾರೆ?

ಉತ್ತರ: ಯಾರೂ ಕರೆದಿಲ್ಲ ಸ್ವಾಮಿ, ಅವರೇ ಗೆದ್ದು ಬಂದದ್ದು. ಓಷಿಯಾನಿಯಾ, ಅಂದರೆ ನ್ಯೂಜಿಲೆಂಡ್ ಮತ್ತು ಪೆಸಿಫಿಕ್ ದ್ವೀಪ ದೇಶಗಳ ವಲಯಕ್ಕೆ ಸಿಗುತ್ತಿದ್ದುದು ಒಂದೇ ಜಾಗ. ಆಸ್ಟ್ರೇಲಿಯಾ ಅಲ್ಲಿರುವವರೆಗೂ ಅದರ ಮೇಲೆ ಬೇರೆಯವರು ಕಣ್ಣು ಹಾಕುವಂತಿರಲಿಲ್ಲ. 2006ರಲ್ಲಿ ಆ ದೇಶ ಏಷ್ಯಾ ವಲಯ ಸೇರಿತು. ಮುಂದಿನ ನಾಲ್ಕು ವಿಶ್ವಕಪ್‌ಗಳಿಗೂ, ಅಂದರೆ 2008, 2012, 2016 ಮತ್ತು 2021ಕ್ಕೆ, ವಲಯದಿಂದ ಹೋದವರು ಈ ಸೊಲೊಮನ್‌ನವರೇ. ತಂಡದ ಅಡ್ಡಹೆಸರು ಕುರುಕುರು.

ಮೊದಲ ಸಲ ಪೆಟ್ಟು ಜೋರಾಗಿಯೇ ಬಿತ್ತು, ಅದನ್ನು ಮುಚ್ಚಿಡುವುದಿಲ್ಲ. ಬ್ರೆಜಿಲ್‌ನಲ್ಲಿ ನಡೆದ 2008ರ ಟೂರ್ನಿಯಲ್ಲಿ ಆತಿಥೇಯರೆದುರು 0-21, ರಷ್ಯಾ ಎದುರು 2-31, ಕ್ಯೂಬಾ ಎದುರು 2-10, ಜಪಾನ್ ಎದುರು 2-7. ನಾಲ್ಕೇ ಪಂದ್ಯಕ್ಕೆ 69 ಗೋಲು. ರಷ್ಯಾದ ಪುಲಾ ಒಬ್ಬನೇ ಆ ದಿನ ಒಂಬತ್ತು ಬಾರಿಸಿದ.

ಆದರೆ ಎದುರಿಗೆ ಯಾರಿದ್ದರು ಅಂತಲೂ ನೋಡಬೇಕಲ್ಲ. 2008ರಲ್ಲಿ ಕಪ್ ಎತ್ತಿದ್ದು ಬ್ರೆಜಿಲ್, 2016ರಲ್ಲಿ ಅರ್ಜೆಂಟೀನಾ, 2021ರಲ್ಲಿ ಪೋರ್ಚುಗಲ್. ಮೂವರೂ ಆಯಾ ವರ್ಷ ಇವರ ಗುಂಪಿನಲ್ಲೇ ಇದ್ದರು! ಡ್ರಾ ಎತ್ತುವವರಿಗೆ ಇವರ ಮೇಲೆ ಏನೋ ಹಳೇ ಹಗೆ ಇರಬೇಕು. ಬ್ರೆಜಿಲ್ ಎದುರು 0-21 ಆಗಿದ್ದವರು ಎಂಟು ವರ್ಷದ ಮೇಲೆ ಅರ್ಜೆಂಟೀನಾ ಎದುರು 3-7ಕ್ಕೆ ನಿಂತರು. ಅದೇ ಟೂರ್ನಿಯಲ್ಲಿ ಕೋಸ್ಟರಿಕಾಗೆ ಸೋತದ್ದು ಬರೀ 2-4ರಿಂದ. ಕಜಕಸ್ತಾನ ಮಾತ್ರ ಹತ್ತು ಹೊಡೆದು ಕಳಿಸಿತು, ಬಿಡಿ.

ಪ್ರಶ್ನೆ: ರಷ್ಯಾ ಪಂದ್ಯದಲ್ಲಿ ಎರಡೂ ಕಡೆ ಸೇರಿ 33 ಗೋಲು. ನಲವತ್ತು ನಿಮಿಷದ ಆಟದಲ್ಲಿ ಅದು ಹೇಗೆ ಸಾಧ್ಯ?

ಉತ್ತರ: ಸುಮಾರು 73 ಸೆಕೆಂಡಿಗೊಂದು. ಚೆಂಡು ಗೆರೆ ದಾಟಿದರೆ ಗಡಿಯಾರ ನಿಲ್ಲುತ್ತದೆ, ಹಾಗಾಗಿ ನಲವತ್ತೂ ನಿಮಿಷ ಅಪ್ಪಟ ಆಟ. ಅಂಕಣ 40 ಮೀಟರ್ ಉದ್ದ, 20 ಮೀಟರ್ ಅಗಲ. ನಿಮ್ಮ ಅರ್ಧದಲ್ಲಿ ಒಂದು ಪಾಸ್ ತಪ್ಪಿದರೆ ಎದುರಾಳಿ ಎರಡೇ ಹೆಜ್ಜೆಗೆ ಗೋಲಿಯ ಮುಂದಿರುತ್ತಾನೆ. ಎಲ್ಲಕ್ಕಿಂತ ಹೆಚ್ಚು ಕಾಡುವುದು ಬದಲಿ ಆಟಗಾರರು. ಎಷ್ಟು ಸಲ ಬೇಕಾದರೂ, ಆಟ ನಡೆಯುತ್ತಿರುವಾಗಲೇ ಬದಲಾಯಿಸಬಹುದು. ರಷ್ಯಾದಂಥ ತಂಡದಲ್ಲಿ ಬೆಂಚಿನಲ್ಲಿರುವವರೂ ಅಂಕಣದಲ್ಲಿರುವವರಷ್ಟೇ ಗಟ್ಟಿಗರು. ನಾಲ್ವರು ದಣಿಯುವ ಮೊದಲೇ ಇನ್ನು ನಾಲ್ವರು ನುಗ್ಗುತ್ತಾರೆ. ಸಣ್ಣ ತಂಡದಲ್ಲಿ ನೆಚ್ಚಬಹುದಾದವರು ಐದಾರು ಮಂದಿ. ಅವರ ಕಾಲು ಸೋತ ಮೇಲೆ ಗೋಲು ಗೆದ್ದಲಿನ ಸಾಲಿನ ಹಾಗೆ ಬರುತ್ತದೆ.

ಪ್ರಶ್ನೆ: ಹಾಗಾದರೆ ಒಂದಾದರೂ ಗೆದ್ದಿದ್ದಾರಾ?

ಉತ್ತರ: ಒಂದೇ ಒಂದು, ಆದರೆ ಎಂಥ ಒಂದು! 2012, ಥಾಯ್ಲೆಂಡ್. ರಷ್ಯಾ 16-0, ಕೊಲಂಬಿಯಾ 11-3 ಎಂದು ಎಂದಿನಂತೆ ಬಡಿದವು. ಗ್ವಾಟೆಮಾಲಾ ಎದುರು ಮಾತ್ರ ಇವರು 4-3. ಕೊಲಂಬಿಯಾವನ್ನು ಸೋಲಿಸಿದ್ದ ಗ್ವಾಟೆಮಾಲಾ ಈ ಒಂದು ಸೋಲಿಗೆ ಮನೆ ಸೇರಿತು. ರಷ್ಯಾ ಬಿಟ್ಟು ಉಳಿದ ಮೂರು ತಂಡಗಳಿಗೂ ತಲಾ ಮೂರು ಅಂಕ. ಗೋಲು ವ್ಯತ್ಯಾಸದಲ್ಲಿ ಮುಂದಕ್ಕೆ ಹೋದ ಕೊಲಂಬಿಯಾ ಸೆಮಿಫೈನಲ್‌ವರೆಗೂ ಆಡಿತು. 13 ಪಂದ್ಯಕ್ಕೆ ಒಂದು ಗೆಲುವು ಅಂತ ಪಟ್ಟಿ ಹೇಳುತ್ತದೆ. ಗ್ವಾಟೆಮಾಲಾದವರನ್ನು ಕೇಳಿದರೆ ಬೇರೆ ಕಥೆ ಬರುತ್ತದೆ.

ಪ್ರಶ್ನೆ: 2024ರಲ್ಲಿ ಅವರು ಕಾಣಲೇ ಇಲ್ಲವಲ್ಲ?

ಉತ್ತರ: ವಲಯದ ಆ ಒಂದು ಜಾಗ ಆ ಸಲ ನ್ಯೂಜಿಲೆಂಡ್ ಪಾಲಾಯಿತು. ಉಜ್ಬೇಕಿಸ್ತಾನದಲ್ಲಿ ಆಡಿದ್ದು ಅವರಿಗೂ ಮೊದಲ ವಿಶ್ವಕಪ್. ಅಷ್ಟು ವರ್ಷ ನ್ಯೂಜಿಲೆಂಡನ್ನು ಹೊರಗೆ ನಿಲ್ಲಿಸಿದ್ದು ಸುಮಾರು ಏಳೆಂಟು ಲಕ್ಷ ಜನರ ದೇಶ ಅನ್ನುವುದನ್ನು ನಿಮ್ಮ ಮೊದಲ ಪ್ರಶ್ನೆಯ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ.