ನೌಕರರ ಪರಿಸರ ಜಾಲ: ಪೋಸ್ಟರಿಗಿಂತ ಮೊದಲು ದೂರು ಪುಸ್ತಕ

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಸುಮಾರು 600 ಜನ, ಮೂರು ಕಟ್ಟಡ, ಎರಡು ಪಾಳಿ. ಪರಿಸರ ಜಾಗೃತಿಗೆ ನೌಕರರದ್ದೇ ಒಂದು ಜಾಲ ಕಟ್ಟಿ ಎಂದು ಆಡಳಿತ ಹೇಳಿದೆ. ಪೋಸ್ಟರ್ ಅಂಟಿಸಿದ್ದೂ ಆಯಿತು, ಮೇಲ್ ಕಳಿಸಿದ್ದೂ ಆಯಿತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಿಮ್ಮ ಪ್ರಶ್ನೆಗೆ ಕೆಲವರು ಕ್ವಿಜ್, ಬಹುಮಾನ, ಟೀ ಶರ್ಟ್ ಎಂದೆಲ್ಲ ಸಲಹೆ ಕೊಟ್ಟಿದ್ದಾರೆ. ಅದೆಲ್ಲ ಆಮೇಲೆ ನೋಡಿಕೊಳ್ಳಬಹುದು.

ಜನರಿಗೆ ಏನೂ ಗೊತ್ತಿಲ್ಲ, ನಾವು ಹೇಳಿಕೊಡಬೇಕು ಎಂದುಕೊಂಡು ಹೊರಟ ಜಾಲ ಬಹಳ ದಿನ ಬಾಳುವುದಿಲ್ಲ. ಫ್ಲಶ್ ಟ್ಯಾಂಕ್ ಸೋರುತ್ತಿರುವುದು ಹೌಸ್‌ಕೀಪಿಂಗಿನವರಿಗೆ ಗೊತ್ತು. ಖಾಲಿ ಮೀಟಿಂಗ್ ರೂಮಿನ ಎಸಿ ರಾತ್ರಿಯಿಡೀ ಓಡುವುದು ಸೆಕ್ಯೂರಿಟಿಯವರಿಗೆ ಗೊತ್ತು. ದಿನಾ ಎಷ್ಟು ಅಡುಗೆ ಮಿಕ್ಕುತ್ತದೆ ಎಂಬುದು ಕ್ಯಾಂಟೀನಿನವರಿಗೆ ಗೊತ್ತು. ಹೇಳಿದರೂ ಏನೂ ಆಗುವುದಿಲ್ಲ ಎಂಬುದೂ ಅವರಿಗೆಲ್ಲ ಚೆನ್ನಾಗಿ ಗೊತ್ತು. ಜಾಲ ಮುರಿಯಬೇಕಾದ್ದು ಆ ಕೊನೆಯ ನಂಬಿಕೆಯನ್ನು. ಕೆಳಗಿನ ಮಾತು ಮೇಲೆ ಹೋಗಿ ಉತ್ತರ ಹಿಂದಿರುಗಿ ಬರುವ ದಾರಿ ಮೊದಲು ಆಗಲಿ. ಮಾಹಿತಿ ಹಂಚುವುದು ಅದೇ ದಾರಿಯಲ್ಲಿ ಸಲೀಸಾಗಿ ಆಗುತ್ತದೆ.

ಅದಕ್ಕೆ ಬೇಕಾದ್ದು ಒಂದು ದೂರು ಪುಸ್ತಕ. ಎಲ್ಲರಿಗೂ ಕಾಣುವ ಒಂದು ಶೀಟ್ ಸಾಕು. ಕ್ರಮ ಸಂಖ್ಯೆ, ತಾರೀಕು, ಜಾಗ, ತೊಂದರೆ, ಮಾಡಬೇಕಾದವರು, ಉತ್ತರದ ಗಡುವು, ಉತ್ತರ ಎಂದು ಏಳು ಕಾಲಂ ಇರಲಿ. ಜಾಗದ ಕಾಲಮಿನಲ್ಲಿ ‘ಎರಡನೇ ಮಹಡಿ’ ಎಂದಷ್ಟೇ ಬರೆದರೆ ಪ್ಲಂಬರ್ ಬಂದು ಹುಡುಕಿ ಹಾಗೇ ಹೋಗುತ್ತಾನೆ. ‘ಬಿ ಕಟ್ಟಡ, 2ನೇ ಮಹಡಿ, ಮೆಟ್ಟಿಲ ಪಕ್ಕದ ಶೌಚಾಲಯ, ಬಾಗಿಲಿಂದ 3ನೇ ಕಮೋಡ್’ ಎಂದು ಬರೆಯಬೇಕು. ಯಾರು ಲೈಟ್ ಆರಿಸದೆ ಹೋದರು ಎಂಬ ಹೆಸರು ಮಾತ್ರ ಎಲ್ಲೂ ಬರಬಾರದು. ಒಂದು ಸಲ ಹೆಸರು ಬಂತೆಂದರೆ ಜಾಲದವರು ಚಾಡಿಕೋರರಾಗಿಬಿಡುತ್ತಾರೆ, ಆಮೇಲೆ ಯಾರೂ ಹತ್ತಿರ ಸೇರಿಸುವುದಿಲ್ಲ.

ಗಡುವು ಹತ್ತು ಕೆಲಸದ ದಿನ ಇಟ್ಟುಕೊಳ್ಳಿ. ಹತ್ತು ದಿನದಲ್ಲಿ ರಿಪೇರಿಯೇ ಆಗಬೇಕೆಂದಿಲ್ಲ, ಉತ್ತರ ಬಂದರೆ ಸಾಕು. ‘ಈ ವರ್ಷ ಆಗುವುದಿಲ್ಲ, ಪೈಪ್‌ಲೈನ್ ಪೂರ್ತಿ ಬದಲಿಸುವಾಗ ಮಾಡುತ್ತೇವೆ’ ಎಂಬುದೂ ಉತ್ತರವೇ. ಮೌನ ಉತ್ತರವಲ್ಲ. ಮೂವತ್ತು ದಿನ ದಾಟಿದ್ದು ತಾನಾಗಿ ಮೇಲಧಿಕಾರಿಯ ಮೇಜಿಗೆ ಹೋಗಬೇಕು.

ಇದು ನಡೆಯಲು ಆಡಳಿತದಿಂದ ನಾಲ್ಕು ಸಂಗತಿಗಳನ್ನು ಬರವಣಿಗೆಯಲ್ಲಿ ಪಡೆಯಿರಿ. ಅವು ಕೈಗೆ ಬರುವವರೆಗೆ ಜಾಲದ ಉದ್ಘಾಟನೆಯನ್ನೇ ಇಟ್ಟುಕೊಳ್ಳಬೇಡಿ. ಸದಸ್ಯರಿಗೆ ತಿಂಗಳಿಗೆ ಎರಡು ಗಂಟೆ ಕೆಲಸದ ಸಮಯ, ಅದು ಅವರ ನೇರ ಮೇಲಧಿಕಾರಿಗೆ ಲಿಖಿತವಾಗಿ ತಿಳಿದಿರಬೇಕು. ಕಳೆದ 12 ತಿಂಗಳ ವಿದ್ಯುತ್, ನೀರಿನ ಬಿಲ್ಲು. ಸಣ್ಣ ರಿಪೇರಿಗೆ ಮತ್ತೆ ಮತ್ತೆ ಮಂಜೂರಾತಿ ಕೇಳದೆ ಖರ್ಚು ಮಾಡಬಹುದಾದ ಒಂದು ಮೊತ್ತ. ನಾಲ್ಕನೆಯದು, ಮೇಂಟೆನೆನ್ಸ್ ವಿಭಾಗದಲ್ಲಿ ಉತ್ತರ ಕೊಡುವ ಹೊಣೆ ಹೊತ್ತ ಒಬ್ಬ ವ್ಯಕ್ತಿ. ವಿಭಾಗದ ಹೆಸರು ಹಾಕಿ ಸುಮ್ಮನಾಗಬೇಡಿ, ವಿಭಾಗ ಫೋನ್ ಎತ್ತುವುದಿಲ್ಲ. ಎರಡು ಗಂಟೆಯ ವಿಷಯದಲ್ಲಿ ರಾಜಿ ಆಗಲೇಬೇಡಿ. ‘ಬಿಡುವಿದ್ದಾಗ ಮಾಡಿ’ ಎಂದರೆ ಮೂರನೇ ತಿಂಗಳ ಸಭೆಗೆ ಸಂಚಾಲಕರೊಬ್ಬರೇ ಕೂತಿರುತ್ತಾರೆ.

ಇನ್ನು ಆಯ್ಕೆ. 25ರಿಂದ 30 ಜನಕ್ಕೆ ಒಬ್ಬರು ಎಂದರೆ ನಿಮಗೆ 20–24 ಸದಸ್ಯರು ಬೇಕು. ಆದರೆ ಮೊದಲ ಮೂರು ತಿಂಗಳು ಒಂದೇ ಕಟ್ಟಡದಲ್ಲಿ ಏಳೆಂಟು ಮಂದಿಯಿಂದ ನಡೆಸಿ. ದೂರಿಗೆ ಉತ್ತರ ಬರುತ್ತದೆ ಎಂಬುದು ಅಲ್ಲಿ ಸಾಬೀತಾಗಲಿ. ಉಳಿದ ಎರಡು ಕಟ್ಟಡದವರು ತಾವಾಗಿಯೇ ಕೇಳಿಕೊಂಡು ಬರುತ್ತಾರೆ. ಸ್ವಇಚ್ಛೆಯಿಂದ ಮುಂದೆ ಬಂದವರನ್ನು ಮಾತ್ರ ಸೇರಿಸಿಕೊಂಡರೆ ಎಲ್ಲರೂ ಒಂದೇ ವಿಭಾಗದ, ಹಗಲು ಪಾಳಿಯ, ಮೊದಲೇ ಪರಿಸರದಲ್ಲಿ ಆಸಕ್ತಿಯಿರುವವರಾಗುತ್ತಾರೆ. ಎಚ್‌ಆರ್ ಹೆಸರು ಕೊಟ್ಟರೆ ಕೈಯಲ್ಲಿ ಕೆಲಸ ಕಡಿಮೆ ಇರುವವರು ಬರುತ್ತಾರೆ. ಹಾಗಾಗಿ ಅರ್ಧದಷ್ಟು ಸ್ವಇಚ್ಛೆ, ಅರ್ಧದಷ್ಟು ನೀವೇ ಹೋಗಿ ಕೇಳಿ ಕರೆತಂದವರು ಇರಲಿ. ಹೌಸ್‌ಕೀಪಿಂಗ್, ಸೆಕ್ಯೂರಿಟಿ, ಕ್ಯಾಂಟೀನ್, ಐಟಿ, ಪರ್ಚೇಸ್, ಎರಡನೇ ಪಾಳಿ, ಇಷ್ಟೂ ಕಡೆಯಿಂದ ಒಬ್ಬೊಬ್ಬರು ಇರಲೇಬೇಕು. ಗುತ್ತಿಗೆ ಸಿಬ್ಬಂದಿಯಾದರೆ ಅವರ ಸೂಪರ್‌ವೈಸರ್ ಒಪ್ಪಿಗೆ ಬೇಕು, ಸಭೆಯ ಸಮಯಕ್ಕೆ ಸಂಬಳ ಕಡಿತ ಆಗಬಾರದು. ಎಷ್ಟೋ ಕಡೆ ಈ ಒಂದು ಕಾರಣಕ್ಕೇ ಅವರು ಎರಡನೇ ಸಭೆಗೆ ಬರುವುದಿಲ್ಲ.

ಮೊದಲ ವಿಷಯ ರಾತ್ರಿಯ ವಿದ್ಯುತ್ ಆಗಿರಲಿ. ಫಲ ಒಂದೇ ವಾರದಲ್ಲಿ ಮೀಟರಿನಲ್ಲಿ ಕಾಣುತ್ತದೆ, ಯಾರ ಸೌಕರ್ಯಕ್ಕೂ ಕತ್ತರಿ ಬೀಳುವುದಿಲ್ಲ. ಎಲ್ಲರೂ ಹೋದ ಮೇಲೆ ಒಂದು ರೀಡಿಂಗ್, ಬೆಳಗ್ಗೆ ಯಾರೂ ಬರುವ ಮೊದಲು ಇನ್ನೊಂದು. ರಾತ್ರಿ 11ಕ್ಕೆ 48,210, ಬೆಳಗ್ಗೆ 5ಕ್ಕೆ 48,318 ಇದ್ದರೆ ಆರು ಗಂಟೆಯಲ್ಲಿ 108 ಯೂನಿಟ್, ಅಂದರೆ ಖಾಲಿ ಕಟ್ಟಡದಲ್ಲಿ ಸರಾಸರಿ 18 ಕಿಲೋವ್ಯಾಟ್ ಓಡುತ್ತಿದೆ. ದೊಡ್ಡ ಕಟ್ಟಡಗಳ ಮೀಟರಿಗೆ ಗುಣಕ, ಅಂದರೆ ಮೀಟರಿನ ಅಂಕಿಯನ್ನು ನಿಜವಾದ ಯೂನಿಟಿಗೆ ತರುವ ಸಂಖ್ಯೆ, ಇರುವುದು ಸಾಮಾನ್ಯ (ಮೇಲಿನ ಲೆಕ್ಕದಲ್ಲಿ ಅದು 1 ಎಂದಿಟ್ಟುಕೊಂಡಿದ್ದೇನೆ); ರೀಡಿಂಗ್ ವ್ಯತ್ಯಾಸವನ್ನು ಅದರಿಂದ ಗುಣಿಸದಿದ್ದರೆ ಲೆಕ್ಕವೆಲ್ಲ ಸುಳ್ಳು. ಗುಣಕ ಎಷ್ಟೆಂದು ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ ಶೀಟಿನ ತಲೆಯಲ್ಲೇ ಬರೆದಿಡಿ. ಐದು ರಾತ್ರಿ ಹೀಗೆ ತೆಗೆಯಿರಿ, ಒಂದು ರಜಾದಿನವೂ ಅದರಲ್ಲಿ ಸೇರಲಿ.

ಆಮೇಲೆ ಆ 18 ಕಿಲೋವ್ಯಾಟ್ ಎಲ್ಲಿ ಹೋಗುತ್ತಿದೆ ಎಂದು ನೋಡಲು ಇಬ್ಬರು ಪ್ರತಿ ಮಹಡಿ ಸುತ್ತಲಿ. ಒಬ್ಬರಿಗೆ ಎಣಿಕೆ, ಇನ್ನೊಬ್ಬರಿಗೆ ಬರೆಯುವ ಕೆಲಸ. ಲೈಟು, ಎಸಿ, ಕಂಪ್ಯೂಟರ್, ಪ್ರಿಂಟರ್, ನೀರಿನ ಕೂಲರ್, ಎಕ್ಸಾಸ್ಟ್ ಫ್ಯಾನ್ ಎಲ್ಲವನ್ನೂ ಎಣಿಸಿ. ಸುಮ್ಮನೆ ಓಡುವ ಡೆಸ್ಕ್‌ಟಾಪ್ ಮಾನಿಟರ್ ಸಮೇತ 60 ವ್ಯಾಟ್ ಎಂದಿಟ್ಟುಕೊಂಡರೂ 40 ಯಂತ್ರ 14 ಗಂಟೆಗೆ 33.6 ಯೂನಿಟ್ ತಿನ್ನುತ್ತವೆ. ಸ್ಲೀಪ್‌ನಲ್ಲಿ ತಲಾ 2 ವ್ಯಾಟ್ ಹಿಡಿದರೆ ಬರೀ 1.12 ಯೂನಿಟ್. ಇದಕ್ಕೆ 40 ಜನರಿಗೆ ಮೇಲ್ ಕಳಿಸುವುದಕ್ಕಿಂತ ಐಟಿ ವಿಭಾಗದಿಂದ 20 ನಿಮಿಷಕ್ಕೆ ಸ್ಲೀಪ್ ಸೆಟ್ಟಿಂಗ್ ಹಾಕಿಸುವುದು ಲೇಸು. ಒಂದು ಸಲ ಬದಲಿಸಿದರೆ ಮುಗಿಯಿತು ಎನ್ನುವಂಥದ್ದನ್ನು ಜನರ ನೆನಪಿನ ಮೇಲೆ ಬಿಡಬೇಡಿ. ಪ್ರಿಂಟರಿನ ಎರಡೂ ಬದಿಯ ಮುದ್ರಣವೂ ಹಾಗೆಯೇ. 80 ಜಿಎಸ್‌ಎಂನ ಎ4 ಹಾಳೆ ಒಂದಕ್ಕೆ 5 ಗ್ರಾಂ, 500 ಹಾಳೆಯ ಕಟ್ಟು ಎರಡೂವರೆ ಕಿಲೋ. ಎಷ್ಟು ಕಟ್ಟು ಕಡಿಮೆ ಆಯಿತು ಎಂಬುದು ಸ್ಟೋರ್ ರಿಜಿಸ್ಟರಿನಲ್ಲೇ ಸಿಗುತ್ತದೆ.

ಜನರ ಕೈಯಲ್ಲೇ ಇರುವ ಸ್ವಿಚ್ಚುಗಳಿಗೆ ಮಾತ್ರ ಸ್ಟಿಕ್ಕರ್. ಹಸಿರು ಇದ್ದರೆ ಯಾರು ಬೇಕಾದರೂ ಆರಿಸಬಹುದು, ಹಳದಿ ಇದ್ದರೆ ಕೇಳಿ ಆರಿಸಬೇಕು, ಕೆಂಪು ಇದ್ದರೆ ಮುಟ್ಟಲೇಬಾರದು. ಸರ್ವರ್, ಲ್ಯಾಬಿನ ಫ್ರಿಜ್, ಬೆಂಕಿ ಅಲಾರ್ಮಿನ ಪ್ಯಾನೆಲ್ ಎಲ್ಲ ಕೆಂಪು. ಬಣ್ಣ ನಿರ್ಧರಿಸುವುದು ಆ ಯಂತ್ರದ ಹೊಣೆ ಹೊತ್ತವರು, ಜಾಲದವರಲ್ಲ. ಈ ಹಂತ ಬಿಟ್ಟು ‘ಎಲ್ಲ ಆರಿಸಿ’ ಎಂದಿರೋ, ಯಾರೋ ಉತ್ಸಾಹದಲ್ಲಿ ಆರಿಸಬಾರದ್ದನ್ನು ಆರಿಸುತ್ತಾರೆ, ಜಾಲದ ಕಥೆ ಅಲ್ಲಿಗೆ ಮುಗಿಯುತ್ತದೆ.

ದೊಡ್ಡ ಹಾಲಿನ ಸ್ವಿಚ್ ಬೋರ್ಡ್ ಬೇರೆಯದೇ ಕಥೆ. ಎಂಟು ಸ್ವಿಚ್ಚು ಒಂದೇ ಥರ ಇರುತ್ತವೆ; ಯಾವುದು ಯಾವ ಸಾಲಿಗೆ ಎಂದು ಯಾರಿಗೂ ಗೊತ್ತಿಲ್ಲ. ಮೂಲೆಯಲ್ಲಿ ಕೂತ ಒಬ್ಬರಿಗೆ ಬೆಳಕು ಬೇಕೆಂದರೆ ಎಂಟೂ ಒತ್ತುತ್ತಾರೆ. ಒಬ್ಬರು ಬೋರ್ಡಿನ ಮುಂದೆ, ಇನ್ನೊಬ್ಬರು ಹಾಲಿನಲ್ಲಿ ನಿಂತು ಒಂದೊಂದಾಗಿ ಒತ್ತಿ ನೋಡಿ. ‘ಕಿಟಕಿ ಸಾಲು’, ‘ನಡುವಿನ ಸಾಲು’, ‘ಪ್ರಿಂಟರ್ ಮೂಲೆ’ ಎಂದು ಚೀಟಿ ಅಂಟಿಸಿ. ಯಾವ ಭಾಷಣಕ್ಕಿಂತಲೂ ಹೆಚ್ಚು ಕೆಲಸ ಮಾಡುವ ಜಾಗೃತಿ ಸಾಮಗ್ರಿ ಇದು.

ಸೂಚನೆ ಬರೆಯುವಾಗಲೂ ಇದೇ ಹದ. ‘ವಿದ್ಯುತ್ ಉಳಿಸಿ, ಭೂಮಿ ಉಳಿಸಿ’ ಎಂಬುದು ಗೋಡೆಯ ಬಣ್ಣದಲ್ಲಿ ಸೇರಿಹೋಗುತ್ತದೆ. ‘ಕೊನೆಗೆ ಹೊರಡುವವರು ಪ್ರೊಜೆಕ್ಟರ್ ಆರಿಸಿ, ರಿಮೋಟ್ ಬಾಗಿಲ ಪಕ್ಕದಲ್ಲಿದೆ’ ಎಂದು ಬಾಗಿಲ ಮೇಲೆ, ಕೈ ಹಿಡಿಯ ಎತ್ತರದಲ್ಲಿ ಅಂಟಿಸಿ. ಒಂದು ಚೀಟಿಗೆ ಒಂದೇ ಕೆಲಸ.

ಎರಡನೇ ವಿಷಯಕ್ಕೆ ಕಸ ತೆಗೆದುಕೊಳ್ಳಿ. ಒಂದು ದಿನದ ಕಸವನ್ನು ಚೀಲ ಬಿಚ್ಚಿ ತೂಗಬೇಕು. ಬೇಕಾದ್ದು ಟಾರ್ಪಾಲು, ತೂಗುಹಾಕುವ ಸ್ಕೇಲ್, ದಪ್ಪ ಗ್ಲೌಸು, ಮಾಸ್ಕ್, ಮುಚ್ಚಿದ ಬೂಟು. ಆಹಾರ, ಕಾಗದ, ಪ್ಲಾಸ್ಟಿಕ್, ಪೇಪರ್ ಕಪ್, ಲೋಹ-ಗಾಜು, ಉಳಿದದ್ದು ಎಂದು ಆರು ರಾಶಿ ಮಾಡಿ ತೂಗಿ, ಖಾಲಿ ಚೀಲದ ತೂಕ ಕಳೆಯಿರಿ. ಆರೋಗ್ಯ ಕೊಠಡಿಯ ಕಸ, ಶೌಚಾಲಯದ ಕಸ ಮುಟ್ಟಬೇಡಿ. ಸಿಕ್ಕಿದ ಕಾಗದ ಓದುವ ಹಾಗಿಲ್ಲ ಎಂದು ಮೊದಲೇ ಹೇಳಿಬಿಡಿ. ಹಸಿ ಕಸ ಕಾಗದದ ಡಬ್ಬಕ್ಕೆ ಬಿದ್ದಿರುವುದು ಸಾಮಾನ್ಯವಾಗಿ ಕಾಣುವ ತಪ್ಪು. ಬಹಳ ಸಲ ಅದಕ್ಕೆ ಕಾರಣ ಅಜ್ಞಾನವಲ್ಲ, ಅಲ್ಲಿ ಒಂದೇ ಡಬ್ಬ ಇರುವುದು. ಡಬ್ಬಗಳು ಯಾವಾಗಲೂ ಜೊತೆಯಾಗಿರಬೇಕು, ಎಲ್ಲ ಮಹಡಿಯಲ್ಲೂ ಒಂದೇ ಬಣ್ಣ, ಒಂದೇ ಕ್ರಮ. ಬೇರೆ ಮಾಡಿದ ಕಸವನ್ನು ಸಾಗಿಸುವವರು ಮತ್ತೆ ಒಂದೇ ಗಾಡಿಗೆ ಸುರಿಯುತ್ತಾರೋ ಎಂಬುದನ್ನು ಪ್ರಚಾರಕ್ಕೆ ಮೊದಲೇ ಹಿಂದಿನ ಗೇಟಿನಲ್ಲಿ ನಿಂತು ನೋಡಿ. ಒಬ್ಬರು ಅದನ್ನು ಫೋಟೋ ತೆಗೆದು ಹಾಕಿದರೆ ನಿಮ್ಮ ಆರು ತಿಂಗಳ ಕೆಲಸ ನೀರುಪಾಲು. ಪೇಪರ್ ಕಪ್ ನಿಲ್ಲಿಸುವ ಯೋಚನೆಯಿದ್ದರೆ ಲೋಟ ತೊಳೆಯುವ ಜಾಗ, ಸೋಪು, ಒಣಗಿಸುವ ಸ್ಟ್ಯಾಂಡ್ ಮೊದಲು ಬರಲಿ.

ನೀರಿನದು ಸುಲಭ. ಸೋರುವ ನಲ್ಲಿಯ ಕೆಳಗೆ ಹತ್ತು ನಿಮಿಷ ಪಾತ್ರೆ ಇಟ್ಟು ಅಳೆದು 144ರಿಂದ ಗುಣಿಸಿ. 100 ಮಿಲಿ ಸಿಕ್ಕರೆ ದಿನಕ್ಕೆ 14.4 ಲೀಟರ್. ಫ್ಲಶ್ ಟ್ಯಾಂಕಿಗೆ ಸ್ವಲ್ಪ ಅಡುಗೆ ಬಣ್ಣ ಹಾಕಿ 15 ನಿಮಿಷ ಯಾರೂ ಫ್ಲಶ್ ಮಾಡದಂತೆ ನೋಡಿಕೊಳ್ಳಿ. ಬಣ್ಣ ಕಮೋಡಿಗೆ ಇಳಿದಿದ್ದರೆ ಒಳಗಿನ ರಬ್ಬರ್ ಹೋಗಿದೆ.

ಓಡಾಟ ಮತ್ತು ಖರೀದಿಯನ್ನು ಮೊದಲ ವರ್ಷ ಮುಟ್ಟಬೇಡಿ ಎನ್ನುತ್ತೇನೆ. ನೌಕರರು ಮನೆಯಿಂದ ಬಂದು ಹೋಗುವುದು ಜಿಎಚ್‌ಜಿ ಪ್ರೋಟೊಕಾಲ್ (ಸಂಸ್ಥೆಗಳು ತಮ್ಮ ಹಸಿರುಮನೆ ಅನಿಲಗಳ ಲೆಕ್ಕ ಇಡುವ ಪದ್ಧತಿ) ಲೆಕ್ಕದಲ್ಲಿ ಸ್ಕೋಪ್ 3ರ, ಅಂದರೆ ಪರೋಕ್ಷ ಹೊರಸೂಸುವಿಕೆಯ, 7ನೇ ವರ್ಗಕ್ಕೆ ಬರುತ್ತದೆ, ಹಾಗಾಗಿ ವರದಿ ಬರೆಯುವವರು ಬೇಗ ಬೇಕು ಎನ್ನುತ್ತಾರೆ. ಆದರೆ ಬಸ್ ಸೌಲಭ್ಯ, ಪಾಳಿಯ ಸಮಯ ಯಾವುದೂ ಸದಸ್ಯರ ಕೈಯಲ್ಲಿಲ್ಲ. ಕೈಯಲ್ಲಿಲ್ಲದ್ದನ್ನು ಉಪದೇಶ ಮಾಡಿದರೆ ಜನ ಸಿಟ್ಟಾಗುತ್ತಾರೆ, ಅದರಲ್ಲಿ ತಪ್ಪೇನಿಲ್ಲ.

ಸಭೆ ತಿಂಗಳಿಗೊಂದು, 45 ನಿಮಿಷ. ಮೊದಲ 20 ನಿಮಿಷ ದೂರು ಪುಸ್ತಕಕ್ಕೆ, 15 ನಿಮಿಷ ಈ ತಿಂಗಳ ಅಂಕಿಗೆ, 10 ನಿಮಿಷ ಮುಂದಿನ ಕೆಲಸಕ್ಕೆ. ಮೇಂಟೆನೆನ್ಸ್‌ನವರು ಇಲ್ಲದಿದ್ದರೆ ಸಭೆ ಮುಂದೂಡಿ, ಅವರಿಲ್ಲದ ಸಭೆ ಬರೀ ಹರಟೆ. ಎರಡನೇ ಪಾಳಿಯವರಿಗೆ ಅನುಕೂಲವಾಗಲು ಪಾಳಿ ಬದಲಾಗುವ ಹೊತ್ತಿಗೆ ಇಡಿ. ಫಲಿತಾಂಶ ಹೇಳುವಾಗ ಸರಿಪಡಿಸಿದ ದೂರನ್ನೇ ಮುಂದಿಡಿ: ಯಾವ ಜಾಗ, ಯಾವಾಗ ಹೇಳಿದ್ದು, ಯಾವಾಗ ಆಯಿತು, ಎಷ್ಟು ಉಳಿಯಿತು. ಮಹಡಿ-ಮಹಡಿ ನಡುವೆ ಸ್ಪರ್ಧೆ ಬೇಡ. ಸರ್ವರ್ ರೂಮ್ ಇರುವ ಮಹಡಿ ಜನ್ಮದಲ್ಲಿ ಗೆಲ್ಲುವುದಿಲ್ಲ. ಅದೇ ಮಹಡಿಯನ್ನು ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿ. ಜನರ ಸಂಖ್ಯೆ ಬದಲಾಗಿದ್ದರೆ ತಲಾ ಲೆಕ್ಕ ಹಾಕಿ, ವಿಪರೀತ ಸೆಕೆಯಿದ್ದ ತಿಂಗಳಾದರೆ ಅದನ್ನೂ ಬರೆಯಿರಿ.

ಜೂನ್ 5ರ ವಿಶ್ವ ಪರಿಸರ ದಿನಕ್ಕೆ ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುವ ಒತ್ತಡ ಖಂಡಿತ ಬರುತ್ತದೆ. ನೆಡಿ, ಆದರೆ ನೀರು ಹಾಕುವವರ ಹೆಸರು ಮೊದಲು ನಿಶ್ಚಯವಾಗಲಿ. ಆ ದಿನವನ್ನು ದೂರು ಪುಸ್ತಕದ ವರ್ಷದ ಲೆಕ್ಕ ಓದಲು ಬಳಸಿಕೊಂಡರೆ ಇನ್ನೂ ಒಳ್ಳೆಯದು.

ಸಂಸ್ಥೆಗೆ ಐಎಸ್‌ಒ 14001 (ಪರಿಸರ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ) ಪ್ರಮಾಣಪತ್ರ ಇದ್ದರೆ ನಿಮಗೆ ಇನ್ನೊಂದು ಹಿಡಿತವಿದೆ. 2015ರ ಆವೃತ್ತಿಯ 7.3ನೇ ಕಲಮು ಸಂಸ್ಥೆಯ ಹಿಡಿತದಲ್ಲಿ ಕೆಲಸ ಮಾಡುವವರಿಗೆಲ್ಲ ಜಾಗೃತಿ ಇರಬೇಕೆನ್ನುತ್ತದೆ. ಗುತ್ತಿಗೆಯವರೂ ಅದರಲ್ಲಿ ಬಂದರು. ಸಭೆಯ ಟಿಪ್ಪಣಿ, ದೂರು ಪುಸ್ತಕ ಎರಡೂ ಆಡಿಟರಿಗೆ ತೋರಿಸುವ ದಾಖಲೆ ಎಂದು ಗೊತ್ತಾದರೆ ಆಡಳಿತ ಆ ಎರಡು ಗಂಟೆಗೆ ಕೊಸರಾಡುವುದಿಲ್ಲ.

ಸದಸ್ಯತ್ವ ಒಂದು ವರ್ಷಕ್ಕೆ ಮಾತ್ರ ಇರಲಿ, ಪ್ರತಿಯೊಬ್ಬರಿಗೂ ಒಬ್ಬ ಬದಲಿ ಇರಲಿ. ಪಾಸ್‌ವರ್ಡ್, ಮೀಟರ್ ಗುಣಕ, ಶೀಟಿನ ಕೊಂಡಿ ಎಲ್ಲ ಸಂಚಾಲಕರ ಸ್ವಂತ ಮೇಲ್‌ನಲ್ಲಿ ಕೂತಿರಬಾರದು.

ನಿಮ್ಮಲ್ಲಿ ಮೀಟರು ಕಟ್ಟಡಕ್ಕೊಂದೋ ಮಹಡಿಗೊಂದೋ, ಎರಡನೇ ಪಾಳಿ ಎಷ್ಟು ಗಂಟೆಗೆ ಮುಗಿಯುತ್ತದೆ ಎಂಬುದನ್ನು ಇಲ್ಲೇ ಬರೆಯಿರಿ. ರೀಡಿಂಗ್ ತೆಗೆಯುವ ಸಮಯ, ಮೊದಲ ತಿಂಗಳ ಪಟ್ಟಿ ಅದರ ಮೇಲೆ ಹಾಕಿಕೊಡುತ್ತೇನೆ.